ತೋಳದ ಬೆಳಕು

ಕೊಕಟನೂರ, ತಾಲೂಕು ಅಥಣಿ
ಮಂಗಳವಾರ, ೧೪ ಮೇ ೨೦೨೪

ಮಾಯಾಳ ಅಪ್ಪನಿಗೆ, ಹೊಸ್ತಿಲ ಮೇಲೆ ಕೂತು ಲಗಮವ್ವ ಮಾಡುವ ನಮಸ್ಕಾರ.

ನಿಮ್ಮ ಮೊಣಕಾಲು ಹೇಗಿದೆ? ಕಳೆದ ಸಲ ನಿಮ್ಮ ತಮ್ಮ ಮಾಳು ಹಿಟ್ಟು ಕೊಟ್ಟು ಬಂದವನು “ಅಣ್ಣ ಎಡಗಾಲ ಎಳದ ನಡ್ಯಾಕತ್ತಾನ” ಅಂದಿದ್ದ. ನಿಮ್ಮನ್ನು ಕೇಳಿದರೆ ಕುರಿಯ ಕಾಲಿನ ಸುದ್ದಿ ಹೇಳುತ್ತೀರಿ, ನಿಮ್ಮ ಕಾಲಿನದು ಮಾತ್ರ ಬಾಯಿ ಬಿಡುವುದಿಲ್ಲ. ನಿಪ್ಪಾಣಿ ಆಚೆ ನೀರು ಸಿಗುತ್ತಿದೆಯೇ? ತೋಳದ ಕಾಟ ಹೆಚ್ಚಾಗಿದೆಯಂತೆ. ಮೀರಜದ ಸಂತೆಯಲ್ಲಿ ತಂದ ಆ ಬ್ಯಾಟರಿ ಇನ್ನೂ ಸರಿ ಇದೆ ತಾನೆ? ಗುಂಡಿ ಒಂದು ಸಲ ಒತ್ತಿದರೆ ನಿಂತ ಬೆಳಕು, ಎರಡು ಸಲ ಒತ್ತಿದರೆ ಪಕಪಕ ಮಿಣುಕಿ ತೋಳದ ಕಣ್ಣು ಕುಕ್ಕುವುದು. ಕೊಂಡಾಗ ನಾನು ದುಬಾರಿಯಾಯಿತು ಎಂದು ಜಗಳ ತೆಗೆದಿದ್ದೆ. ಅದರಿಂದ ಎಷ್ಟು ಮರಿ ಉಳಿದವೋ, ಆ ಮಾತು ವಾಪಸು ತೆಗೆದುಕೊಂಡಿದ್ದೇನೆ.

ಫೋನ್ ಇರುವಾಗ ಪತ್ರ ಯಾಕೆ ಎಂದು ನಗುತ್ತಿರಬೇಕು. ನಿಮ್ಮ ಫೋನು ಹಳ್ಳದಲ್ಲಿ ಬಿದ್ದ ಮೇಲೆ ಅದಕ್ಕೆ ಸ್ಪೀಕರ್ ಬಿಟ್ಟರೆ ಬೇರೆ ಬಾಯಿ ಇಲ್ಲ. ನಾನು ಇಲ್ಲಿ ಉಸಿರು ಬಿಟ್ಟರೂ ಅಲ್ಲಿ ಬಿಡಾರದವರೆಲ್ಲ ಕೇಳುತ್ತಾರೆ. ಅದಕ್ಕೇ ಒಂದು ತಿಂಗಳಿಂದ ಅಡ್ಡಗೋಡೆಯ ಮೇಲೆ ದೀಪ ಇಟ್ಟ ಹಾಗೆ ಮಾತಾಡುತ್ತಿದ್ದೇನೆ. ಪೆನ್ನು ಹಿಡಿದರೆ ನನಗೆ ಶಾಲೆಯ ಕನ್ನಡವೇ ಬರುತ್ತದೆ, ಅದಕ್ಕೂ ನಗಬೇಡಿ. ಒಬ್ಬರೇ ಕೂತು ಓದಿ. ಮೊದಲು ಇಷ್ಟು ತಿಳಿದುಕೊಳ್ಳಿ, ಮಾಯಾ ಈಗ ಆರಾಮ ಇದ್ದಾಳೆ. ಆದರೆ ಕಳೆದ ತಿಂಗಳು ಅವಳಿಗೆ ಬಂದದ್ದು ಜ್ವರ ಅಲ್ಲ, ಮೂರ್ಛೆ. ಫೋನಿನಲ್ಲಿ ಜ್ವರ ಅಂದೆ. ಮೂರ್ಛೆಯ ಮಾತು ಬಿಡಾರದಿಂದ ಬಿಡಾರಕ್ಕೆ ಹಬ್ಬಿ, ನಾಳೆ ಅವಳು ದೊಡ್ಡವಳಾದಾಗ ಅವಳಿಗಿಂತ ಮೊದಲು ಊರೂರು ತಿರುಗಿ ಬರುವುದು ನನಗೆ ಬೇಡವಾಗಿತ್ತು.

ಪರೀಕ್ಷೆ ಮುಗಿದ ಮೇಲೆ ಅವಳನ್ನು ಕಾಗವಾಡಕ್ಕೆ, ನಮ್ಮ ಅಣ್ಣ ಬಾಳೇಶನ ಮನೆಗೆ ಕರೆದುಕೊಂಡು ಹೋಗಿದ್ದೆನಲ್ಲ. ಹೋದ ವರ್ಷ ಹತ್ತನೆಯದು ಚೆನ್ನಾಗಿ ಪಾಸಾದಳೆಂದು ಅಣ್ಣ ಮಗಳು ರೂಪಾಲಿಗೆ ಟಿವಿಗೆ ಜೋಡಿಸಿ ಆಡುವ ಒಂದು ಗೇಮಿನ ಪೆಟ್ಟಿಗೆ ಕೊಡಿಸಿದ್ದಾನೆ. ಟಿವಿ ಎಂದರೆ ನಮ್ಮ ಬಾಗಿಲಿನಷ್ಟು ಅಗಲ. ಆಟದಲ್ಲಿ ಕಾರು ಸುರಂಗದೊಳಗೆ ಓಡುತ್ತದೆ, ಎರಡೂ ಕಡೆ ದೀಪಗಳು ಪಕಪಕ ಹಿಂದೆ ಸರಿಯುತ್ತವೆ. ಬಿಸಿಲಿಗೆ ಕಿಟಕಿ ಬಾಗಿಲು ಹಾಕಿ ಕತ್ತಲು ಮಾಡಿಕೊಂಡು ಇಬ್ಬರೂ ಕೂತಿದ್ದರು. ನಮ್ಮವಳು ಗೊತ್ತಲ್ಲ, ಮೂಗು ಟಿವಿಗೆ ತಾಗಿಸಿಯೇ ಕೂರಬೇಕು. ನಾನು ಅಡುಗೆಮನೆಯಲ್ಲಿ ಶೇಂಗಾ ಹುರಿಯುತ್ತಿದ್ದೆ. ರೂಪಾಲಿ “ಅತ್ತಿ” ಎಂದು ಕೂಗಿದ ರೀತಿಗೇ ಸೌಟು ಬಿಟ್ಟು ಓಡಿದೆ. ಮಾಯಾ ನೆಲದ ಮೇಲೆ ಬಿದ್ದು ಕೈಕಾಲು ಸೆಟೆದು ಅದುರುತ್ತಿದ್ದಳು. ಕಣ್ಣು ಮೇಲೆ ಹೋಗಿದ್ದವು. ನಮ್ಮ ಅತ್ತಿಗೆ ಅವಳ ಕೈಯಲ್ಲಿ ಕಬ್ಬಿಣದ ಕೀಲಿ ಒತ್ತಿದಳು, ಯಾರೋ ಉಳ್ಳಾಗಡ್ಡಿ ಒಡೆದು ಮೂಗಿಗೆ ಹಿಡಿದರು, ಅಣ್ಣ ಹಲ್ಲಿನ ನಡುವೆ ಚಮಚ ತೂರಿಸಲು ನೋಡಿದ. ನಾನು ಏನೂ ಮಾಡಲಿಲ್ಲ, ಬಾಗಿಲಲ್ಲೇ ನಿಂತಿದ್ದೆ. ಆಮೇಲೆ ಅವಳು ತಾನಾಗಿಯೇ ಸಡಿಲಾಗಿ, ಆಳವಾಗಿ ನಿದ್ದೆ ಹೋದಳು. ಎದ್ದವಳು ಮೊದಲು ಕೇಳಿದ್ದು, “ನನ್ನ ಕಾರ ಗೆದ್ತೇನ?” ಎಂದು. ಆಗ ನನಗೆ ಅಳು ಬಂತು.

ಊರಿಗೆ ಬಂದ ಮೇಲೆ ನಿಮ್ಮವ್ವ ಅವಳ ಹಣೆಗೆ ಅರಿಸಿಣ ಹಚ್ಚಿದರು, ಎಲ್ಲವ್ವನ ಗುಡಿಗೆ ಹೋಗಿ ಬಂದರು. “ತಾಯಿ ಏನರ ಕೇಳಾಕತ್ತಾಳ, ನಾವು ಮರತೇವಿ” ಅಂದರು. ನಾನು ಬೇಡ ಅನ್ನಲಿಲ್ಲ, ಆದರೆ ಮರುದಿನ ಮೀರಜದ ಬಸ್ಸನ್ನೂ ಬಿಡಲಿಲ್ಲ. ಈಗ ಅವರು ದಿನಾ ಅವಳ ದಿಂಬಿನ ಕೆಳಗೆ ಕಬ್ಬಿಣದ ಕೀಲಿ ಇಡುತ್ತಾರೆ, ನಾನು ಹೊತ್ತು ಹೊತ್ತಿಗೆ ಗುಳಿಗೆ ಕೊಡುತ್ತೇನೆ. ದಿಂಬಿನ ಕೆಳಗಿದ್ದರೆ ಕೀಲಿಯಿಂದ ಏನೂ ಕೆಡುವುದಿಲ್ಲ. ಬಾಯಿಗೆ ಮಾತ್ರ ಏನೂ ಹಾಕಬಾರದೆಂದು ಡಾಕ್ಟರು ಹೇಳಿದ್ದನ್ನು ನಿಮ್ಮವ್ವನೂ ಒಪ್ಪಿಕೊಂಡಿದ್ದಾರೆ. ನೀವೂ ನೆನಪಿಡಿ. ಮತ್ತೆ ಬಂದರೆ ಮಗ್ಗುಲಿಗೆ ಹೊರಳಿಸಿ ಮಲಗಿಸಬೇಕು, ಸುತ್ತ ಬಡಿಯುವಂಥದ್ದು ಇದ್ದರೆ ಸರಿಸಬೇಕು, ಗಟ್ಟಿಯಾಗಿ ಹಿಡಿಯಬಾರದು. ಐದು ನಿಮಿಷ ದಾಟಿದರೆ ಗಾಡಿ ಮಾಡಿಕೊಂಡು ದವಾಖಾನೆಗೆ ಓಡಬೇಕು.

ಮೀರಜದ ದವಾಖಾನೆಯ ಪಡಸಾಲೆಯಲ್ಲಿ ಒಂದೊಂದು ಮಗುವಿನ ಜೊತೆ ಅಪ್ಪ ಅವ್ವ ಇಬ್ಬರೂ ಕೂತಿದ್ದರು. ಕಾಗವಾಡದಲ್ಲಿ ಬಸ್ಸು ಹತ್ತಿ ಜೊತೆಗೆ ಬಂದಿದ್ದ ಅಣ್ಣ ನಮ್ಮನ್ನು ಬಿಟ್ಟು ದ್ರಾಕ್ಷಿಯ ವ್ಯವಹಾರವೆಂದು ಸಾಂಗಲಿಗೆ ಹೋದ. ನಾನು ಒಬ್ಬಳೇ ಅವಳ ಚಪ್ಪಲಿ ತೊಡೆಯ ಮೇಲೆ ಇಟ್ಟುಕೊಂಡು ಕೂತಿದ್ದೆ. ನಿಮ್ಮ ಮೇಲೆ ಸಿಟ್ಟು ಬಂತು, ಸುಳ್ಳು ಯಾಕೆ ಹೇಳಲಿ. ಕುರಿ ಬಿಟ್ಟು ಬರಲಿಕ್ಕೆ ಆಗುವುದಿಲ್ಲ ಎಂದು ಗೊತ್ತಿದ್ದೂ ಬಂತು. ಒಳಗೆ ಅವಳ ತಲೆಗೆಲ್ಲ ಅಂಟು ಹಚ್ಚಿ ತಂತಿ ಸಿಕ್ಕಿಸಿದರು, ಕಣ್ಣಿನ ಮುಂದೆ ಒಂದು ದೀಪವನ್ನು ಮೊದಲು ನಿಧಾನ, ಆಮೇಲೆ ಜೋರಾಗಿ ಮಿಣುಕಿಸಿದರು. ಕಂಪ್ಯೂಟರಿನ ಮೇಲಿನ ಗೆರೆಗಳು ಒಮ್ಮೆಲೇ ಎದ್ದು ಕುಣಿದವು, ಅವರು ಕೂಡಲೇ ದೀಪ ಆರಿಸಿದರು. ಡಾಕ್ಟರು ಮರಾಠಿಯಲ್ಲಿ, “ಲುಕಲುಕಣಾರಾ ಪ್ರಕಾಶ ಹಿಲಾ ಚಾಲತ ನಾಹೀ” ಅಂದರು. ಮಿಣುಕುವ ಬೆಳಕು ಈ ಹುಡುಗಿಗೆ ಆಗುವುದಿಲ್ಲ ಎಂದು. ದೆವ್ವ ಅಲ್ಲ, ಶಾಪ ಅಲ್ಲ, ಕೆಲವರ ಮಿದುಳು ಹಾಗೆ ಇರುತ್ತದಂತೆ. ಈ ವಯಸ್ಸಿನ ಮಕ್ಕಳಲ್ಲಿ ಗೇಮು ಆಡುವಾಗಲೇ ಎಷ್ಟೋ ಸಲ ಮೊದಲು ಗೊತ್ತಾಗುತ್ತದಂತೆ. ಮನೆಯಲ್ಲಿ, ಊರಲ್ಲಿ ಅಂಥ ಬೆಳಕು ಇನ್ನೇನೇನಿದೆ ಎಂದು ಕೇಳಿದರು. ಮದುವೆಯ ಡಿಜೆ ದೀಪ ಅಂದೆ, ನಮ್ಮ ಪಡಸಾಲೆಯ ಹಾಳು ಟ್ಯೂಬ್‌ಲೈಟು ಅಂದೆ. ಮತ್ತೇನೋ ಹೇಳುವಷ್ಟರಲ್ಲಿ ಮಾಯಾ ನನ್ನ ಸೆರಗು ಜಗ್ಗಿದಳು, ನಾನು ಸುಮ್ಮನಾದೆ.

ವಾಪಸು ಬರುವಾಗ ಕಾಗವಾಡದಲ್ಲಿ ಇಳಿದು ರೂಪಾಲಿಗೆ ಆ ಪೆಟ್ಟಿಗೆಯನ್ನು ಇನ್ನೊಮ್ಮೆ ಹಚ್ಚಲು ಹೇಳಿದೆ, ಮಾಯಾಳನ್ನು ಹೊರಗೆ ಕೂರಿಸಿ. ಆಟ ಶುರುವಾಗುವ ಮೊದಲು ಕಪ್ಪು ಪರದೆಯ ಮೇಲೆ ಬಿಳಿ ಇಂಗ್ಲಿಷ್ ಅಕ್ಷರ ಬಂದವು. ರೂಪಾಲಿಯ ಬೆರಳು ತಾನಾಗಿ ಗುಂಡಿ ಒತ್ತಿತು, ಅಕ್ಷರ ಹೋದವು. “ಏನದು?” ಅಂದೆ. “ಅದು ಹಂಗ ಬರ್ತೈತಿ ಅತ್ತಿ, ಯಾರ ಓದ್ತಾರ ಅದನ್ನ?” ಅಂದಳು. ಮತ್ತೆ ಆರಿಸಿ ಹಚ್ಚಿಸಿದೆ, ಈ ಸಲ ಕೈ ಹಿಡಿದುಕೊಂಡೇ ಓದಿಸಿದೆ. ಮಿಣುಕುವ ಬೆಳಕಿನಿಂದ ಕೆಲವರಿಗೆ ಮೂರ್ಛೆ ಬರಬಹುದು, ಮೊದಲು ಎಂದೂ ಬರದವರಿಗೂ ಬರಬಹುದು, ಬೆಳಕಿರುವ ಕೋಣೆಯಲ್ಲಿ ದೂರ ಕೂತು ಆಡಿ, ಕಣ್ಣು ಮಂಜಾದರೆ, ಕೈಕಾಲು ಜುಮ್ಮೆಂದರೆ ಕೂಡಲೇ ನಿಲ್ಲಿಸಿ ಎಂದು ಎಲ್ಲ ಬರೆದಿತ್ತು. ದಿನಾ ರೂಪಾಲಿಯ ಕಣ್ಣಿನ ಮುಂದೆ ಬಂದು ಹೋಗುತ್ತಿತ್ತು. ಓದಿ ಮುಗಿಸಿ ಪಾಪ ಅವಳೇ ಪೆಟ್ಟಿಗೆ ಆರಿಸಿದಳು. ಅಷ್ಟರಲ್ಲಿ ಸಾಂಗಲಿಯಿಂದ ಬಂದಿದ್ದ ಅಣ್ಣ ಬಾಗಿಲಲ್ಲೇ ನಿಂತು ಕೇಳಿದ. ದ್ರಾಕ್ಷಿಗೆ ಹೊಡೆಯುವ ಔಷಧದ ಡಬ್ಬಿಯ ಮೇಲೆ ಕೆಂಪು ಗುರುತು ಇದ್ದರೆ ಕೂಸನ್ನು ತೋಟದ ಹತ್ತಿರವೂ ಬಿಡದ ಮನುಷ್ಯ ಅವನು. “ಕೆಂಪು ಇದ್ರ ನನಗ ತಿಳೀತಿತ್ತವ್ವಾ” ಎಂದಷ್ಟೇ ಅಂದ. ನಾನು ಯಾರನ್ನೂ ಬೈಯಲಿಲ್ಲ. ನಾನೂ ಅವತ್ತು ಎರಡು ಸಲ ಆ ಟಿವಿಯ ಮುಂದೆ ಹಾದು ಹೋಗಿದ್ದೆ.

ಈಗ ಪಡಸಾಲೆಯ ಟ್ಯೂಬ್ ತೆಗೆಸಿ ಬಲ್ಬು ಹಾಕಿಸಿದ್ದೇನೆ. ಸಂಜೆ ಮಾಳುವಿನ ಬೈಕಿನ ಮೇಲೆ ಹೋಗುವಾಗ ರಸ್ತೆ ಬದಿಯ ಗಿಡಗಳ ನಡುವೆ ಬಿಸಿಲು ಪಟಪಟ ಹೊಡೆಯುತ್ತದಲ್ಲ, ಅದೂ ಒಳ್ಳೆಯದಲ್ಲವಂತೆ. ಅಂಥ ಬೆಳಕು ಬಂದರೆ ಒಂದು ಕಣ್ಣನ್ನು ಅಂಗೈಯಿಂದ ಪೂರ್ತಿ ಮುಚ್ಚಿ ಮುಖ ತಿರುಗಿಸು ಎಂದು ಡಾಕ್ಟರು ಕಲಿಸಿದ್ದಾರೆ. ಮೊನ್ನೆ ಓಣಿಯ ಮದುವೆಯಲ್ಲಿ ಡಿಜೆ ಗಾಡಿ ಬಂದಾಗ ಜೊತೆಯ ಹುಡುಗಿಯರೆಲ್ಲ ಕುಣಿಯಲು ಓಡಿದರು, ನಮ್ಮವಳು ಒಂದು ಕಣ್ಣು ಮುಚ್ಚಿಕೊಂಡು ಗೋಡೆಗೆ ಮುಖ ಮಾಡಿ ನಿಂತಳು. ಹಾಡಿಗೆ ಕಾಲು ಮಾತ್ರ ತಾಳ ಹಾಕುತ್ತಿತ್ತು. ನಾನೂ ಹೋಗಿ ಅವಳ ಪಕ್ಕ ಗೋಡೆಗೆ ಮುಖ ಮಾಡಿ ನಿಂತೆ.

ಬೇಸರವಾಗುತ್ತದೆ, ಮಾಯಾಳ ಅಪ್ಪಾ. ಮನೆ ತುಂಬ ಜನ ಇದ್ದಾರೆ, ನಿಮ್ಮವ್ವ ಒಳ್ಳೆಯವರು, ಮಾಳು ಹೇಳಿದ್ದು ಮಾಡುತ್ತಾನೆ. ಆದರೂ ಅವಳ ಕೈ ನಿದ್ದೆಯಲ್ಲಿ ಸ್ವಲ್ಪ ಅಲುಗಿದರೆ ಎದ್ದು ಕೂರುವವಳು ನಾನೊಬ್ಬಳೇ, ಹಾಗೆ ಕೂತಾಗ ಎಬ್ಬಿಸಲು ನನ್ನ ಪಕ್ಕದಲ್ಲಿ ಯಾರೂ ಇರುವುದಿಲ್ಲ. ಮಿರಗದ ಮಳೆ ಹತ್ತಿರ ಬಂತು, ಇನ್ನೇನು ಮಂದೆ ಊರ ಕಡೆ ತಿರುಗುತ್ತದೆ ಎಂದು ದಿನ ಎಣಿಸುತ್ತಿದ್ದೇನೆ. ಮಾಯಾ ಈಗಲೇ ಕತ್ತಲಾಗುವ ಹೊತ್ತಿಗೆ ಮಾಳಿಗೆ ಏರಿ ದಿನ್ನಿಯ ಕಡೆ ನೋಡುತ್ತಾಳೆ. ಪ್ರತಿ ವರ್ಷ ನೀವು ಅಲ್ಲಿಂದ ಆ ಬ್ಯಾಟರಿಯ ತೋಳದ ಬೆಳಕು ಮಿಣುಕಿಸುತ್ತೀರಿ, ಅವಳು “ಅಪ್ಪಾ ಬಂದಾನ” ಎಂದು ಓಣಿಗೆಲ್ಲ ಕೇಳುವಂತೆ ಕೂಗುತ್ತಾಳೆ, ಅಂಗಳಕ್ಕೆ ಬಂದ ಮೇಲೆ ನೀವು ಮನೆಯ ದೀಪ ಆರಿಸಿ ಆ ಪಕಪಕ ಬೆಳಕನ್ನು ಅವಳ ಮೇಲೆ ಬಿಡುತ್ತೀರಿ, ಅವಳು ತೋಳದ ಹಾಗೆ ಕುಣಿಯುತ್ತಾಳೆ. ನಿಮ್ಮವ್ವ ಇಬ್ಬರನ್ನೂ ಬೈಯುತ್ತಾರೆ. ನಾನು ಬಾಗಿಲಲ್ಲಿ ನಿಂತಿರುತ್ತೇನೆ, ನನ್ನನ್ನು ನೀವು ಆಮೇಲೆ ನೋಡುತ್ತೀರಿ.

ನಿಮ್ಮವ್ವ ಆಶೀರ್ವಾದ ಹೇಳಿದ್ದಾರೆ, ಎಲ್ಲವ್ವನ ಅರಿಸಿಣ ಹಿಟ್ಟಿನ ಚೀಲದ ಬಾಯಿಯಲ್ಲೇ ಕಟ್ಟಿದೆ. ಮೊಣಕಾಲಿಗೆ ಎಣ್ಣೆಯ ಬಾಟಲಿ ಅದರ ಪಕ್ಕ ಇದೆ, ಟಗರಿಗೆ ಅಲ್ಲ, ನಿಮಗೆ. ಹೊತ್ತಿಗೆ ಉಣ್ಣಿರಿ, ಒದ್ದೆ ನೆಲದಲ್ಲಿ ಮಲಗಬೇಡಿ.

ನಿಮ್ಮ
ಲಗಮವ್ವ

ತಾ.ಕ.: ಮಾಳು ಚೀಲ ಹೊತ್ತು “ಬಸ್ ಹೋಗತೈತಿ ವೈನೀ” ಎಂದು ಅವಸರ ಮಾಡುತ್ತಿದ್ದಾನೆ. ಇಷ್ಟು ಬರೆದರೂ ಬರೆಯಬೇಕಾದದ್ದು ಉಳಿದಿದೆ. ಡಾಕ್ಟರ ಮುಂದೆ ಮಾಯಾ ಸೆರಗು ಜಗ್ಗಿದ್ದು ತೋಳದ ಬೆಳಕಿನ ಮಾತು ಬರಬಾರದೆಂದು. ಹೊರಗೆ ಬಂದು, “ಅಪ್ಪಗ ಹೇಳಬ್ಯಾಡ ಬೇ, ಹೇಳಿದ್ರ ಅಂವಾ ಸುಮ್ನ ಕತ್ತಲದಾಗ ಬರ್ತಾನ” ಅಂದಳು. ನಾನು ಅವಳನ್ನು ಬೆಂಚಿನ ಮೇಲೆ ಕೂರಿಸಿ ಒಳಗೆ ಹೋಗಿ ಕೇಳಿ ಬಂದೆ. ಎಲ್ಲಕ್ಕಿಂತ ಕೆಟ್ಟದ್ದು ಅದೇ ಅಂದರು, ಕತ್ತಲಲ್ಲಿ, ಹತ್ತಿರದಿಂದ, ನೇರ ಕಣ್ಣಿಗೆ. ಈ ಸಲ ದಿನ್ನಿಯಿಂದ ಮಿಣುಕಿಸಬೇಡಿ, ಅಂಗಳದಲ್ಲೂ ಬೇಡ. ಗುಂಡಿ ಒಂದೇ ಸಲ ಒತ್ತಿ. ನಿಂತ ಬೆಳಕನ್ನು ನಮ್ಮ ಕಡೆ ತಿರುಗಿಸದೆ ನಿಮ್ಮ ಮುಖದ ಮೇಲೆ ಹಿಡಿದುಕೊಂಡು ಬನ್ನಿ. ದೂರದಿಂದ ಕಾಣಲಿಕ್ಕಿಲ್ಲ, ಹತ್ತಿರ ಬರುತ್ತಾ ಕಾಣುತ್ತದೆ. ಮಾಯಾಗೆ ಇದನ್ನು ನಾನು ಇನ್ನೂ ಹೇಳಿಲ್ಲ. ನಿಮ್ಮ ಮುಖ ಕಂಡರೆ ಅವಳು ಸಿಟ್ಟಾಗಲಾರಳು. ನಾನೂ ನೋಡಿ ಬಹಳ ದಿನವಾಯಿತು.