ಹಾಕದ ಮದ್ದು

ಹೆಗ್ಗದ್ದೆ
14-11-2024, ಗುರುವಾರ

ಪ್ರೀತಿಯ ತಂಗಿ ಮೀನಾಕ್ಷಿಗೆ ಅಣ್ಣನ ಆಶೀರ್ವಾದಗಳು.

ನಿನ್ನ ಬಿ.ಪಿ. ಹೇಗಿದೆ? ಜವರಪ್ಪ ಭಾವನವರ ಮಂಡಿನೋವು ಇಳಿಯಿತೇ? ಸೊಸೆ ಚೈತ್ರಶ್ರೀ ಹೊತ್ತಿಗೆ ಸರಿಯಾಗಿ ಉಣ್ಣುತ್ತಾಳೆಯೇ? ನಿನ್ನ ಮಗ ಪ್ರಜ್ವಲನ ಮುಖದ ಊತ ಹೇಗಿದೆ ಎಂದು ಕೇಳುವುದಕ್ಕೇ ಈ ಕಾಗದ. ಫೋನಿನಲ್ಲಿ ಆಸ್ಪತ್ರೆ ಎಂದ ಕೂಡಲೇ ಇಟ್ಟುಬಿಡುತ್ತೀಯ. ಕಾಗದವನ್ನಾದರೂ ಅರ್ಧಕ್ಕೆ ಮಡಿಸಬೇಡ ಕಣೇ. ನಿಮ್ಮ ಬೆಳಗೋಡಿಗೆ ಬರುವ ಬಸ್ಸಿನ ಕಂಡಕ್ಟರ್ ಕೈಯಲ್ಲೇ ಕಳಿಸುತ್ತಿದ್ದೇನೆ. ನಿನ್ನ ಅತ್ತಿಗೆ ಚಿನ್ನಮ್ಮ ಒಂದು ಡಬ್ಬಿ ಕಂಚಿಕಾಯಿ ಉಪ್ಪಿನಕಾಯಿ ಕಟ್ಟಿದ್ದಳು. ಪ್ರಜ್ವಲನಿಗೆ ಉಪ್ಪು ಕೂಡದೆಂದು ನಾನೇ ಬಿಚ್ಚಿಸಿ ಇಟ್ಟೆ.

"ಇದು ಅಪ್ಪಂಗೆ ಹಾಕಿದ್ ಮದ್ದೇ ಕಣಣ್ಣ. ಗೌರಿ ಹಬ್ಬದಲ್ಲಿ ಆ ನಾಗರತ್ನಮ್ಮನ ಮನೇಲಿ ಪ್ರಜ್ವಲ ಕಾಫಿ ಕುಡ್ದ, ತಿಂಗ್ಳಿಗೆ ಮಖ ಊದ್ಕೊಳ್ತು" ಎಂದು ಫೋನಿನಲ್ಲಿ ನೀನು ಅಂದೆ. ಅವಳು ನಮ್ಮ ಚಿಕ್ಕಮ್ಮ ಎಂಬುದನ್ನೂ ಬಿಟ್ಟು ಹೆಸರು ಹಿಡಿದು ಹೇಳಿದೆ. ಅಪ್ಪ ಹೊಟ್ಟೆ ಊದಿ, ಪಕ್ಕೆಯಲ್ಲಿ ಗಂಟು ಬೆಳೆದು ಸತ್ತಾಗ ಊರೂ ಹಾಗೇ ಅಂದಿತ್ತು: ಕಾಫಿಯಲ್ಲಿ ಕಲಸಿ ಕೊಟ್ಟ ಮದ್ದು ಒಳಗೇ ಬೇರು ಬಿಟ್ಟಿದೆ ಎಂದು. ಅಂದಿನಿಂದ ಅವಳ ಮನೆಯ ನೀರನ್ನು ಯಾರೂ ಮುಟ್ಟಲಿಲ್ಲ. ಚಿಕ್ಕಪ್ಪನೂ ಬಿಟ್ಟು ಹೋದ. ಈಗ ನೀನು ಪ್ರಜ್ವಲನನ್ನು ಮದ್ದು ಕಕ್ಕಿಸುವವನ ಹತ್ತಿರ ಕರೆದುಕೊಂಡು ಹೋಗಿ, ತಿಂಗಳಿಂದ ಯಾವುದೋ ಸೊಪ್ಪಿನ ರಸ ಕುಡಿಸಿ ವಾಂತಿ ಮಾಡಿಸುತ್ತಿದ್ದೀಯ. ಅವನ ಕಿಡ್ನಿಯ ಸ್ಕ್ಯಾನಿನಲ್ಲಿ ಕಂಡ ಗುಳ್ಳೆಗಳನ್ನು ಆ ಮದ್ದು ಹೊಟ್ಟೆಯೊಳಗೆ ಹಾಕಿದ ಮರಿ ಎಂದೆಯಂತೆ.

ಆ ಸ್ಕ್ಯಾನಿನ ಮತ್ತು ರಕ್ತದ ರಿಪೋರ್ಟಿನ ಫೋಟೋವನ್ನು ಚೈತ್ರಶ್ರೀ ನನಗೆ ಕಳಿಸಿದಳು, ಅವಳನ್ನು ಬೈಯಬೇಡ. ಅದನ್ನು ಹಿಡಿದು ಹಾಸನದ ಡಾಕ್ಟರ ಹತ್ತಿರ ಎರಡು ಸಲ ಹೋದೆ. ನಾಲ್ಕನೇ ಕ್ಲಾಸು ಓದಿದ ನಾನು ಎಸ್ಟೇಟಿನ ಲೆಕ್ಕ ಬರೆಯುವ ರೈಟರ್ ಆದದ್ದೇ ಕೇಳಿ ಕೇಳಿ, ಓದಿ ಓದಿ. ಇದನ್ನೂ ಹಾಗೇ ತಿಳಿದುಕೊಂಡೆ. ಕಿಡ್ನಿಯೊಳಗೆ ಲಕ್ಷಾಂತರ ಸಣ್ಣ ಕೊಳವೆಗಳಿವೆ. ಆ ಕೊಳವೆಯ ಗೋಡೆಯಲ್ಲಿರುವ ಒಂದೊಂದು ಜೀವಕೋಶಕ್ಕೂ ಕಣ್ಣಿಗೆ ಕಾಣದ ಒಂದು ಕೂದಲು. ನೀರು ಹರಿದಾಗ ಅದು ಬಾಗುತ್ತದೆ, ಬಾಗಿದರೆ ಒಳಗೆ ಸುದ್ದಿ ಹೋಗುತ್ತದೆ: ಹರಿವು ಸರಿಯಾಗಿದೆ, ಇದ್ದ ಹಾಗೇ ಇರು. ಅಪ್ಪ ಎಸ್ಟೇಟಿನಲ್ಲಿ ರೈಲು ಹಳಿಯ ತುಂಡಿನ ಗಂಟೆ ಬಾರಿಸಿದರೆ ಆಳುಗಳು ಕೈ ನಿಲ್ಲಿಸುತ್ತಿರಲಿಲ್ಲವೇ, ಹಾಗೆ. ನಮ್ಮ ರಕ್ತದಲ್ಲಿ ಆ ಸುದ್ದಿ ಒಳಗೆ ತಲುಪುವುದಿಲ್ಲ. ಸುದ್ದಿ ಸಿಗದ ಕೋಶ ಒಂದು ಎರಡಾಗಿ, ಎರಡು ನಾಲ್ಕಾಗಿ, ಉಬ್ಬಿ ನೀರುಗುಳ್ಳೆಯಾಗುತ್ತದೆ. ಅದರ ಒತ್ತಡಕ್ಕೆ ಪಕ್ಕದ ಒಳ್ಳೆಯ ಕೋಶಗಳಿಗೆ ಸಾಯಿ ಎಂಬ ಸುದ್ದಿ ಮುಟ್ಟುತ್ತದೆ. ಅವು ಪಾಪ, ಹೇಳಿದ ಮಾತು ಕೇಳಿ ಸಾಯುತ್ತವೆ. ಅಪ್ಪನಿಂದ ನನಗೂ ನಿನಗೂ, ನಿನ್ನಿಂದ ಪ್ರಜ್ವಲನಿಗೂ ಬಂದದ್ದು ಇದೇ. ಕೆಲವರಲ್ಲಿ ನಿಧಾನ, ಕೆಲವರಲ್ಲಿ ಬೇಗ. ನನ್ನದೂ ಸ್ಕ್ಯಾನ್ ಆಯಿತು. ಎರಡೂ ಕಿಡ್ನಿಯ ತುಂಬ ಗುಳ್ಳೆ. ನಾನು ಯಾರ ಮನೆಯ ಕಾಫಿ ಕುಡಿದಿದ್ದೆ ಹೇಳು?

ಪ್ರಜ್ವಲನಿಗೆ ಈ ವಾರವೇ ಡಯಾಲಿಸಿಸ್ ಶುರುವಾಗಬೇಕಂತೆ. "ಉಳಿದಿರೋ ಚೂರು ಕಿಡ್ನೀನ ಆ ಸೊಪ್ಪಿನ ರಸ ತಿಂತಾ ಇದೆ, ಅವರ ತಾಯಿಗೆ ಹೇಳಿ" ಎಂದರು ಡಾಕ್ಟರು.

ಭಾನುವಾರ ಚಿಕ್ಕಮ್ಮನ ಮನೆಗೆ ಹೋಗಿದ್ದೆ, ಐವತ್ತೈದು ವರ್ಷದ ಮೇಲೆ. ಕಾಫಿ ತಂದಳು. ಲೋಟದಿಂದ ಒಂದು ಗುಟುಕು ತನ್ನ ಬಾಯಿಗೆ ಎತ್ತಿ ಹಾಕಿಕೊಂಡು, ನುಂಗಿ ತೋರಿಸಿ, ಆಮೇಲೆ ನನ್ನ ಮುಂದಿಟ್ಟಳು. "ಬರೋರೇ ಇಲ್ಲ, ಆದ್ರೂ ಕೈಗೆ ರೂಢಿ ಆಗ್ಬುಟ್ಟೈತೆ ಕಣಪ್ಪ" ಎಂದು ನಕ್ಕಳು. ಹಬ್ಬದ ದಿನ ಪ್ರಜ್ವಲ ಎರಡು ಲೋಟ ಕುಡಿದನಂತೆ; ಅದನ್ನೇ ಮೂರು ಸಲ ಹೇಳಿದಳು. ಇಷ್ಟೆಲ್ಲ ತಿಳಿದುಕೊಂಡ ನಾನು ಆ ಲೋಟವನ್ನು ಮುಟ್ಟಲಾಗದೆ, ಹೊತ್ತಾಯಿತು ಎಂದು ಎದ್ದು ಬಂದೆ.

ಭಾವನವರಿಗೆ ನಮಸ್ಕಾರ. ಪ್ರಜ್ವಲ, ಚೈತ್ರಶ್ರೀ ಇಬ್ಬರ ತಲೆ ಸವರಿ ಈ ಮಾವನ ಆಶೀರ್ವಾದ ಹೇಳು.

ನಿನ್ನನ್ನು ಹೆಗಲ ಮೇಲೆ ಹೊತ್ತು ಆಡಿಸಿದ ಅಣ್ಣ,
ಬೋರಯ್ಯ

ಮರೆತಿದ್ದೆ ಎಂದು ಬರೆದರೆ ಸುಳ್ಳಾಗುತ್ತದೆ. ಬಸ್ಸು ತಿರುವಿನಲ್ಲಿ ಹಾರ್ನ್ ಹೊಡೆಯುತ್ತಿದೆ. ಚಿಕ್ಕಮ್ಮ ಅಪ್ಪನ ಲೋಟಕ್ಕೆ ಏನೋ ಹಾಕಿದ್ದನ್ನು ಕಂಡೆ ಎಂದು ಊರಿಗೆಲ್ಲ ಹೇಳಿದವನು ನಾನೇ ಅಲ್ಲವೇ. ನನಗಾಗ ಹದಿಮೂರು. ನಾನು ಏನೂ ಕಂಡಿರಲಿಲ್ಲ ಮೀನಾಕ್ಷಿ. ಬೆಲ್ಲ ಕದ್ದೆನೆಂದು ಹಿಂದಿನ ದಿನ ಕೆನ್ನೆಗೆ ಹೊಡೆದಿದ್ದಳು, ಅಷ್ಟೇ. ಆರು ವರ್ಷದ ನೀನು ನನ್ನ ಮಾತು ನಂಬಿದೆ. ಇದನ್ನೂ ನಂಬು. "ಸೊಪ್ಪಿನ ರಸ ಚೆಲ್ಲಿಬಿಟ್ಟೆ, ಹಾಸನಕ್ಕೆ ಹೊರಟೆವು" ಎಂದು ಎರಡು ಸಾಲು ಬರೆದು, ಸಂಜೆ ಇದೇ ಬಸ್ಸು ತಿರುಗಿ ಬರುವಾಗ ಕಳಿಸು.