ಆರನೆಯ ದಿನದ ನಲವತ್ತಮೂರು ಜನ

ತೊಗರುಗುಡ್ಡ ವೀಕ್ಷಣಾಲಯ
ಫೆಬ್ರವರಿ ೩೦, ೨೨೪೭

೨೩೩೧ರಲ್ಲಿ ಹಿರಿಗಣ್ಣನ್ನು ನಡೆಸುತ್ತಿರುವವರಿಗೆ,

ಹಳೆಯ ಕ್ಯಾಲೆಂಡರಿನಲ್ಲಿ ಫೆಬ್ರವರಿಗೆ ಮೂವತ್ತನೆಯ ತಾರೀಖು ಇರಲಿಲ್ಲವಂತೆ. ನಮ್ಮದರಲ್ಲಿದೆ. ನಿಮ್ಮದರಲ್ಲಿ ಉಳಿದಿದೆಯೋ ಇಲ್ಲವೋ ತಿಳಿಯದು. ನನ್ನ ಮಾತುಗಳೂ ನಿಮಗೆ ಹಾಗೆಯೇ ವಿಚಿತ್ರವಾಗಿ ಕಾಣಬಹುದು, ಎಂಬತ್ತನಾಲ್ಕು ವರ್ಷ ಚಿಕ್ಕ ಕಾಲವಲ್ಲ. ಅರ್ಥವಾಗದ ಕಡೆ ಕ್ಷಮಿಸಿ, ಆದರೆ ಕೊನೆಯವರೆಗೂ ಓದಿ.

ನಾನು ವಸುಧಾ ಜಂಪಣ್ಣ. ಇಲ್ಲಿ ಇಪ್ಪತ್ತಾರು ವರ್ಷ ಸರದಿಗಾರ್ತಿಯಾಗಿದ್ದೆ. ದೂರದರ್ಶಕ ಯಾವ ದಿನ ಯಾರ ಪಾಲಿಗೆ, ಅದರ ಬೆನ್ನಿಗೆ ಯಾವ ಉಪಕರಣ ಕೂಡಿಸಬೇಕು ಎಂದು ಪಟ್ಟಿ ಮಾಡುವವರನ್ನು ನಾವು ಹಾಗೆ ಕರೆಯುತ್ತೇವೆ. ಈ ಹಿರಿಗಣ್ಣು ನಾಲ್ಕು ಸಂಸ್ಥೆಗಳು ಸೇರಿ ಕೊಂಡ ದೂರದರ್ಶಕ. ನಾಲ್ವರಿಗೂ ಶುಭ್ರ ಆಕಾಶವೇ ಬೇಕು, ಅಮಾವಾಸ್ಯೆಯ ಆಸುಪಾಸೇ ಬೇಕು. ಪಟ್ಟಿ ಗೋಡೆಗೆ ಬಿದ್ದ ದಿನ ಊಟದ ಮನೆಯಲ್ಲಿ ನನ್ನ ಪಕ್ಕ ಯಾರೂ ಕೂರುತ್ತಿರಲಿಲ್ಲ. ಈಗ ಆ ಸಿಟ್ಟಿನ ಮುಖಗಳನ್ನು ನೆನೆದರೂ ಪ್ರೀತಿ ಬರುತ್ತದೆ.

ಐದನೆಯ ಪಾಲುದಾರರೂ ಇದ್ದರು. ಕೆಳಗಿನ ಬಯಲಿನ ಒಂಬತ್ತು ಊರುಗಳು. ಬಯಲಲ್ಲಿ ಬೆಳಕಿದ್ದರೆ ಗುಡ್ಡದ ಮೇಲೆ ನಕ್ಷತ್ರ ಕಾಣುವುದಿಲ್ಲ, ಅದಕ್ಕಾಗಿ ಆ ಊರುಗಳ ಜೊತೆ ಕತ್ತಲೆ ಒಪ್ಪಂದವಾಗಿತ್ತು. ಪ್ರತಿ ದೀಪಕ್ಕೂ ದೀಪಟೋಪಿ, ಅಂದರೆ ಬೆಳಕು ನೆಲ ಬಿಟ್ಟು ಮೇಲೇಳದಂತೆ ತಡೆಯುವ ತಗಡಿನ ಮುಚ್ಚಳ, ಹಾಕಬೇಕು. ಮದುವೆ ಮೆರವಣಿಗೆ ಹೊತ್ತು ಮುಳುಗುವುದರೊಳಗೆ ಮುಗಿಯಬೇಕು. ಇದಕ್ಕೆ ಪ್ರತಿಯಾಗಿ ತಿಂಗಳಿಗೊಂದು ದಿನ, ಅಮಾವಾಸ್ಯೆಯ ಮರುದಿನ, ದೂರದರ್ಶಕ ಊರಿನವರದು. ಅದನ್ನು ಊರಸರದಿ ಎನ್ನುತ್ತಿದ್ದೆವು. ಆವತ್ತು ಉಪಕರಣ ಬಿಚ್ಚಿಟ್ಟು, ಕಣ್ಣಿಟ್ಟು ನೋಡುವ ಗಾಜು ಕೂಡಿಸುತ್ತಿದ್ದೆವು. ಊರಿನವರು ಬುತ್ತಿ ಕಟ್ಟಿಕೊಂಡು ಬಂದು, ಶನಿಯ ಬಳೆ ನೋಡಿ, ಮೆಟ್ಟಿಲ ಮೇಲೆ ಕೂತು ಉಂಡು ಹೋಗುತ್ತಿದ್ದರು. ಹಿರಿಗಣ್ಣು ಎಂಬ ಹೆಸರೂ ಅವರು ಇಟ್ಟದ್ದೇ.

೨೨೧೩ರಲ್ಲಿ ನನಗೆ ಮೂವತ್ತೆಂಟು. ಮಿಥುನ ರಾಶಿಯಲ್ಲಿ ಒಂದು ಜೋಡಿ ನಕ್ಷತ್ರವಿದೆ. ನೂರ ಹದಿನೆಂಟು ವರ್ಷಕ್ಕೊಮ್ಮೆ ಒಂದು ಇನ್ನೊಂದರ ಮುಂದೆ ಹಾಯುವಾಗ ಹನ್ನೊಂದು ದಿನ ಮಂಕಾಗುತ್ತದೆ. ಆ ಹನ್ನೊಂದು ದಿನಕ್ಕಾಗಿ ನಮ್ಮ ಹಿರಿಯ ಖಗೋಳಜ್ಞ ಝಕರಿಯಾ ಸರ್ ಮೂವತ್ತು ವರ್ಷ ಕಾದಿದ್ದರು. ಕರಾವಳಿಯಿಂದ ಬಂದವರು, ಚಳಿಗೆ ಹೆದರಿ ಹಗಲಲ್ಲೂ ಉಣ್ಣೆ ಟೋಪಿ ತೆಗೆಯದವರು. ನನಗೆ ಕೆಲಸ ಕಲಿಸಿದವರೂ ಅವರೇ. ಎಲ್ಲಕ್ಕಿಂತ ಮುಖ್ಯವಾದದ್ದು ನಡುವಿನ ಆರನೆಯ ದಿನ. ಆ ದಿನ ಊರಸರದಿಗೆ ಬಿದ್ದಿತ್ತು.

ಸರ್‌ಗೆ ಬೇಕಿದ್ದದ್ದು ಬಣ್ಣಸೀಳು, ನಕ್ಷತ್ರದ ಬೆಳಕನ್ನು ಎಳೆಎಳೆಯಾಗಿ ಬಿಡಿಸುವ ಯಂತ್ರ. ಅದನ್ನು ಕ್ರೇನಿನಲ್ಲಿ ಎತ್ತಿ ಕೂಡಿಸಿ, ತಣ್ಣಗಾಗಿಸಲು ಇಡೀ ಹಗಲು ಬೇಕು. ಹಾಗಾಗಿ ಒಂದೇ ದಿನ ಇಬ್ಬರಿಗೂ ಕೊಡುವಂತಿರಲಿಲ್ಲ. ವಾರ ಮೊದಲೇ ನಾನು ಗುಡ್ಡ ಇಳಿದು ದೊಣೆಹಟ್ಟಿಗೆ ಹೋದೆ. ಒಂಬತ್ತು ಊರುಗಳ ಪರವಾಗಿ ಮಾತಾಡುತ್ತಿದ್ದ ಓಬಕ್ಕ ಅಂಗಳದಲ್ಲಿ ಕೂತು ತಗಡು ಬಾಗಿಸುತ್ತಿದ್ದಳು.

"ಈ ಸಲ ಒಂದೇ ಒಂದು ದಿನ ಮುಂದಕ್ಕೆ ಹಾಕೋಣ ಓಬಕ್ಕ," ಎಂದೆ.

ಅವಳು ಸುತ್ತಿಗೆ ಕೆಳಗಿಟ್ಟಳು. "ಹೋದ ವರ್ಷ ಎರಡು ಸಲ ಮುಂದಕ್ಕೆ ಹಾಕಿದ್ರಿ. ಒಂದು ಸಲ ಅಂತೂ ಮರೆತೇಬಿಟ್ರಿ. ನನ್ನ ಮಗಳ ಮೆರವಣಿಗೆನ ಉರಿಬಿಸಿಲಲ್ಲಿ ಮಾಡ್ದೆ ಕಣಮ್ಮ, ಮದುಮಗಳ ಕಾಲಲ್ಲಿ ಬೊಬ್ಬೆ ಬಂದ್ವು. ಆವತ್ತು ನಾನು ಬಂದು, ಒಂದು ದಿನ ಕತ್ತಲೆ ಮುಂದಕ್ಕೆ ಹಾಕಿ ಅಂದಿದ್ರೆ ಒಪ್ತಿದ್ರಾ?"

ಒಪ್ಪುತ್ತಿರಲಿಲ್ಲ. ಅದು ಅವಳಿಗೂ ಗೊತ್ತಿತ್ತು.

ಹಿಂತಿರುಗಿ ಸರ್‌ಗೆ ಹೇಳಿದಾಗ ಅವರು ಕೂಗಾಡಲಿಲ್ಲ. "ಪಟ್ಟಿ ನಿಮ್ಮ ಕೈಯಲ್ಲಿದೆ ವಸುಧಾ. ಒಂದು ಗೆರೆ ಎಳೆದರೆ ಆಯಿತು. ಆ ಹೊತ್ತಿಗೆ ಬೇರೆ ದೇಶಗಳಲ್ಲಿ ಎಲ್ಲ ಕಡೆ ಹಗಲು ಅಥವಾ ಮೋಡ. ನೋಡಬಲ್ಲವರು ನಾವೊಬ್ಬರೇ," ಎಂದರು. ನಾನು ಗೆರೆ ಎಳೆಯಲಿಲ್ಲ. ಧೈರ್ಯದಿಂದ ಅಂತ ಈಗ ಹೇಳಿಕೊಳ್ಳಬಹುದು. ನಿಜವಾಗಿ, ಮತ್ತೊಮ್ಮೆ ಆ ಅಂಗಳಕ್ಕೆ ಹೋಗಿ ನಿಲ್ಲಲು ನನಗೆ ಮುಖವಿರಲಿಲ್ಲ. ನಕ್ಷತ್ರ ಮಂಕಾಗತೊಡಗಿತು. ಮೊದಲ ಐದು ದಿನ ಬಣ್ಣಸೀಳು ಚೆನ್ನಾಗಿ ಕೆಲಸ ಮಾಡಿತು. ಆ ಐದು ದಿನವೂ ಸರ್ ನನ್ನ ಜೊತೆ ಮಾತಾಡಲಿಲ್ಲ.

ಆರನೆಯ ದಿನ ಬೆಳಿಗ್ಗೆ ಯಂತ್ರ ಇಳಿಸಿ ಗಾಜು ಕೂಡಿಸಿದೆವು. ಸಂಜೆ ನಲವತ್ತಮೂರು ಜನ ಹತ್ತಿ ಬಂದರು. ಎಂದಿನಂತೆ ಶನಿಯತ್ತ ತಿರುಗಿಸಲು ಹೊರಟಾಗ ಓಬಕ್ಕ ತಡೆದಳು. "ಆ ಟೋಪಿ ಸರ್ ನೋಡ್ಬೇಕು ಅಂತಿದ್ದ ಚುಕ್ಕಿ ಯಾವುದು? ನಮಗೆ ಅದನ್ನೇ ತೋರಿಸಿ. ಅವರನ್ನೂ ಕರೀರಿ."

ಸರ್ ಬರುತ್ತಾರೆಂದು ನಾನು ಅಂದುಕೊಂಡಿರಲಿಲ್ಲ. ಬಂದರು. ಮೊದಲು ನೀವೇ ನೋಡಿ ಎಂದು ಜನ ದಾರಿ ಬಿಟ್ಟರು. ಅವರು ಗಾಜಿನ ಹತ್ತಿರದವರೆಗೂ ಹೋದವರು ನಿಂತುಬಿಟ್ಟರು. "ಬೇಡ. ನಾನು ನೋಡಿದರೆ, ಕೇಳುವ ಪ್ರಶ್ನೆಯಲ್ಲೇ ಉತ್ತರ ಸೇರಿಕೊಳ್ಳುತ್ತದೆ. ನಾನು ಕೊನೆಯವನು," ಎಂದು ಒಂದು ನೋಟ್‌ಬುಕ್ ತರಿಸಿದರು. ಒಬ್ಬೊಬ್ಬರೂ ನೋಡಿ ಬಂದ ಹಾಗೆ, ಗಡಿಯಾರ ನೋಡಿ ಹೆಸರು ಬರೆದುಕೊಂಡು, ಒಂದೇ ಪ್ರಶ್ನೆ ಕೇಳಿದರು. "ಎಡಗಡೆಯ ಚುಕ್ಕಿಗಿಂತ ನಡುವಿನದು ಮಂಕೋ, ಸಮವೋ?"

ಎಂಟೂವರೆಗೆ ಶುರುವಾಯಿತು. ಮೊದಲ ಹತ್ತೊಂಬತ್ತು ಜನ ಮಂಕು ಎಂದರು. ಇಪ್ಪತ್ತನೆಯವನು ಸಮ ಎಂದ. ಇಪ್ಪತ್ತೊಂದನೆಯವಳೂ ಸಮ ಎಂದಳು. ಇಪ್ಪತ್ತೇಳರವರೆಗೂ ಅದೇ ಮಾತು. ಸರ್ ಬರೆಯುತ್ತಿದ್ದ ಕೈ ನಿಂತಿತು. ಗಾಜಿನ ಕಡೆ ಒಮ್ಮೆ ನೋಡಿದರು. ಅವರು ಎದ್ದು ಹೋಗಿ ಕಣ್ಣಿಡಬಹುದಿತ್ತು, ಒಬ್ಬರೂ ಬೇಡ ಅನ್ನುತ್ತಿರಲಿಲ್ಲ. ಅವರು ಏಳಲಿಲ್ಲ. ಇಪ್ಪತ್ತೆಂಟನೆಯ ಮುದುಕ ಮಂಕು ಎಂದ, ಕೊನೆಯವರೆಗೂ ಮಂಕೇ. ನಲವತ್ತನಾಲ್ಕನೆಯವರಾಗಿ ಸರ್ ನೋಡಿದಾಗ ಅವರಿಗೂ ಮಂಕಾಗಿಯೇ ಕಂಡಿತು.

ಮುಂದೆ ಹಾಯುತ್ತಿದ್ದ ನಕ್ಷತ್ರವನ್ನು ಸುತ್ತಿದ ದೂಳಿನ ತಟ್ಟೆಯಲ್ಲಿ ಒಂದು ತೂತಿದೆ, ಹಿಂದೆ ಮರೆಯಾಗಿದ್ದ ನಕ್ಷತ್ರದ ಬೆಳಕು ಅದರೊಳಗಿನಿಂದ ಇಪ್ಪತ್ತೈದು ನಿಮಿಷಗಳ ಕಾಲ ನುಗ್ಗಿತು ಎಂಬುದು ಸರ್ ಅವರ ನಂಬಿಕೆ. ಬಣ್ಣಸೀಳು ಇದ್ದಿದ್ದರೆ ಅನುಮಾನವೇ ಉಳಿಯುತ್ತಿರಲಿಲ್ಲ. ಅವರು ಬರೆದ ಲೇಖನ ಮೂರು ವಿಜ್ಞಾನ ಪತ್ರಿಕೆಗಳಿಂದ ವಾಪಸ್ ಬಂತು. ನೋಡಿದವರು ತರಬೇತಿ ಪಡೆದವರಲ್ಲ, ಕಣ್ಣು ದಣಿದಿರಬಹುದು, ತೆಳುಮೋಡ ಹಾದಿರಬಹುದು ಎಂದರು. ಮೋಡವಾದರೆ ಎಡಗಡೆಯ ಚುಕ್ಕಿಯೂ ಮಂಕಾಗಬೇಕಲ್ಲ ಎಂದು ಸರ್ ಉತ್ತರ ಬರೆದರು. ಅದಕ್ಕೆ ಯಾರೂ ಉತ್ತರಿಸಲಿಲ್ಲ. ಎಂಟು ವರ್ಷದ ನಂತರ ಸರ್ ತೀರಿಕೊಂಡರು. ಅಲ್ಲಿಯವರೆಗೂ ಪ್ರತಿ ಊರಸರದಿಗೆ ಬಂದು ಮೆಟ್ಟಿಲ ಮೇಲೆ ಕೂತು ಓಬಕ್ಕನ ಬುತ್ತಿಯ ರೊಟ್ಟಿ ತಿನ್ನುತ್ತಿದ್ದರು. ನನ್ನನ್ನು ಕ್ಷಮಿಸಿದೆ ಎಂದು ಬಾಯಿಬಿಟ್ಟು ಹೇಳಲಿಲ್ಲ, ರೊಟ್ಟಿಯಲ್ಲಿ ಅರ್ಧ ಮುರಿದು ಕೊಡುತ್ತಿದ್ದರು. ಅವರ ಜೊತೆ ಕೂತ ಆ ಸಂಜೆಗಳು ಇನ್ನೊಮ್ಮೆ ಸಿಕ್ಕರೆ ಸಾಕು ಅನ್ನಿಸುತ್ತದೆ. ಓಬಕ್ಕನೂ ಈಗಿಲ್ಲ. ಗುಡ್ಡ ಹತ್ತಲು ನನಗೆ ಇಬ್ಬರ ಕೈ ಬೇಕು.

ನಿಮ್ಮ ಕಾಲದಲ್ಲಿ ಆ ನಕ್ಷತ್ರ ಮತ್ತೆ ಮಂಕಾಗುತ್ತದೆ. ಆರನೆಯ ದಿನ ನಿಮ್ಮಲ್ಲಿರುವ ಎಲ್ಲಕ್ಕಿಂತ ಒಳ್ಳೆಯ ಉಪಕರಣವನ್ನು ಅದರತ್ತ ತಿರುಗಿಸಿ. ಅದು ಊರಸರದಿಯ ದಿನವಾಗಿದ್ದರೆ ಮೊದಲು ಹೋಗಿ ಊರಿನವರನ್ನು ಕೇಳಿ, ಬೇಡ ಎಂದರೆ ಸುಮ್ಮನೆ ಗಾಜು ಕೂಡಿಸಿ. ಆ ನಲವತ್ತಮೂರು ಜನ ಹೇಳಿದ್ದು ನಿಜವೆಂದು ಕಂಡರೆ ಹಗಲು ಹೊತ್ತಿನಲ್ಲಿ ದೊಣೆಹಟ್ಟಿಗೆ ಇಳಿದು ಸರ್ ಬರೆದುಕೊಂಡ ಹೆಸರುಗಳನ್ನು ಗಟ್ಟಿಯಾಗಿ ಓದಿ. ಸುಳ್ಳೆಂದು ಕಂಡರೂ ಹೋಗಿ ಹೇಳಿ, ಮುಚ್ಚಿಡಬೇಡಿ.

ನೋಟ್‌ಬುಕ್ ಈ ಪತ್ರದ ಜೊತೆಗಿದೆ. ಪ್ರತಿ ಹೆಸರಿನ ಮುಂದೆ ಹೊತ್ತು, ಅದರ ಮುಂದೆ ಒಂದೇ ಮಾತು. ಓಬಕ್ಕನದು ಇಪ್ಪತ್ತೆರಡನೆಯದು: "ಸಮ." ಅದರ ಪಕ್ಕದಲ್ಲಿ ಮಾತ್ರ ಸರ್ ಸಣ್ಣ ಅಕ್ಷರದಲ್ಲಿ ಹೀಗೆ ಬರೆದಿದ್ದಾರೆ: "ಮತ್ತೆ ಕೇಳಿದೆ. ನನ್ನ ಮಾತು ನಂಬದಿದ್ದರೆ ಯಾಕೆ ಕೇಳ್ತೀರಿ ಅಂದರು."

ವಸುಧಾ ಜಂಪಣ್ಣ