ಸಿದರಾಯ ತಂದ ಬನ್ನಿ

ತಮ್ಮ ಸಂಗಪ್ಪನಿಗೆ,

ಕಿರಿಯರಿಗೆ ಬರೆಯುವಾಗ ಹೆಸರಿಗೆ ಮೊದಲು ‘ಚಿರಂಜೀವಿ’ ಎಂದು ಬರೆಯಬೇಕೆಂದು ಮೂವತ್ತು ವರ್ಷ ಮಕ್ಕಳಿಗೆ ಕಲಿಸಿದವನು ನಾನು. ಇಂದು ಆ ಜಾಗವನ್ನು ಖಾಲಿ ಬಿಟ್ಟಿದ್ದೇನೆ. ಬರುವ ಮಾರ್ಗಶಿರಕ್ಕೆ ನೀನು ಹೋಗಿ ಆರು ವರ್ಷ. ನಿನ್ನನ್ನು ಕೊಂದ ಸಿದರಾಯನು ಶಿಕ್ಷೆ ಮುಗಿಸಿಕೊಂಡು ಈ ಬೇಸಿಗೆಯಲ್ಲಿ ಊರಿಗೆ ಮರಳಿದ್ದಾನೆ. ಮೊನ್ನೆ ವಿಜಯದಶಮಿಯ ಸಂಜೆ, ಪಟ್ಟಣದ ಸೊಲ್ಲಾಪುರ ರಸ್ತೆಯ ನನ್ನ ಮನೆಗೂ ಬಂದಿದ್ದನು.

ಬಾಗಿಲು ತೆರೆದಾಗ ಅವನು ಚಪ್ಪಲಿ ಕಳಚಿ, ಒಂದು ಹಿಡಿ ಬನ್ನಿಯ ಎಲೆ ಹಿಡಿದು ನಿಂತಿದ್ದನು. ನಮ್ಮ ಕಡೆಯ ಪದ್ಧತಿ ನಿನಗೆ ನಾನು ಹೇಳಬೇಕೇ? ಬನ್ನಿ ತೆಗೆದುಕೊಂಡರೆ ಹಗೆ ತೀರಿತು. ನಾಳೆ ದಾರಿಯಲ್ಲಿ ಎದುರಾದರೆ ಮುಖ ತಿರುಗಿಸುವಂತಿಲ್ಲ. “ಬನ್ನಿ ತಗೋರಿ ಮಾಸ್ತರ್ರ,” ಎಂದನು. ‘ಬಂಗಾರದಂಗ ಇರೋಣು’ ಎಂಬ ಮುಂದಿನ ಮಾತನ್ನು ಅವನು ಆಡಲಿಲ್ಲ. ಆಡಲು ಅವನಿಗೂ ಬಾಯಿ ಬರಲಿಲ್ಲವೇನೋ. ನನ್ನ ಕೈ ಏಳಲಿಲ್ಲ. ಸಿಟ್ಟು ಬರುತ್ತದೆಂದು ಕಾದೆ, ಅದೂ ಬರಲಿಲ್ಲ. ಅವನ ಅಂಗಿಯ ಮೇಲಿನ ಗುಂಡಿ ಹೋಗಿದೆ ಎಂಬುದನ್ನಷ್ಟೇ ನೋಡುತ್ತ ನಿಂತಿದ್ದೆ.

ನಮ್ಮೂರು ಕಳ್ಳಕವಟಗಿಯ ಹೊಲಕ್ಕೆ ಕಾಲುವೆಯ ನೀರು ಮೊದಲ ಸಲ ಬಂದ ದಿನ ನೆನಪಿದೆಯೇ? ನಿನಗೂ ಸಿದರಾಯನಿಗೂ ಒಂದೇ ತೂಬು. ಸೂರ್ಯ ಹುಟ್ಟಿದ ಮೇಲೆ ಪಾಳಿ ಬದಲಿಸಬೇಕೆಂದು ನೀವಿಬ್ಬರೂ ಬಾಯಿಮಾತಿನಲ್ಲಿ ಒಪ್ಪಿಕೊಂಡಿದ್ದಿರಿ. ನಾನು ಬಂದವನೇ ಅದು ಕ್ರಮವಲ್ಲವೆಂದೆ. ಋತುವಿಗೊಂದು ಹೊತ್ತಿಗೆ ಹುಟ್ಟುವ ಸೂರ್ಯನನ್ನು ನಂಬಿ ವ್ಯವಹಾರ ನಡೆಯುವುದುಂಟೇ? ಬೆಳಗಿನ ಆರು ಗಂಟೆಗೆ ಸರಿಯಾಗಿ ಪಾಳಿ ಬದಲಾಗತಕ್ಕದ್ದು ಎಂದು ಕಾಗದದ ಮೇಲೆ ಬರೆದು, ಇಬ್ಬರಿಂದಲೂ ಸಹಿ ಮಾಡಿಸಿದೆ. “ಸೂರ್ಯಾಗೂ ಹಾಜರಿ ಹಾಕ್ತಿ ಏನಣ್ಣಾ?” ಎಂದು ನೀನು ನಕ್ಕೆ. ನಕ್ಕರೂ, ಅಣ್ಣ ಬರೆದದ್ದೆಂದು ಆ ಕಾಗದವನ್ನು ಪಂಪಿನ ಮನೆಯ ಗೂಡಿನಲ್ಲಿ ಜೋಪಾನವಾಗಿ ಇಟ್ಟೆ.

ಮಾರ್ಗಶಿರದ ಆ ಬೆಳಗ್ಗೆ ಆರಕ್ಕೆ ಇನ್ನೂ ಕತ್ತಲಿತ್ತು. ನೀನು ಗಡಿಯಾರ ನೋಡಿ ನೀರನ್ನು ನಿನ್ನ ದ್ರಾಕ್ಷಿ ಪಡಕ್ಕೆ ತಿರುಗಿಸಿದೆ. ಸಿದರಾಯನ ಕೊನೆಯ ಮಡಿ ಇನ್ನೂ ಒಣಗಿಯೇ ಇತ್ತು. ಹೊತ್ತು ಹುಟ್ಟಿಲ್ಲವೆಂದು ಅವನು, ಆರು ಹೊಡೆಯಿತೆಂದು ನೀನು. ಪಕ್ಕದ ಹೊಲದವರು ಓಡಿ ಬರುವಷ್ಟರಲ್ಲಿ ಅವನ ಸಲಿಕೆ ಒಂದೇ ಒಂದು ಸಲ… ಆಸ್ಪತ್ರೆಯಲ್ಲಿ ನಿನಗೆ ಕಟ್ಟಿದ ಚೀಟಿಯಲ್ಲಿ ಹೆಸರು ತಪ್ಪಾಗಿತ್ತು. ತಿದ್ದಿಸಿದೆ. ಆಮೇಲೆ ಮಾಡಲು ನನಗೆ ಬೇರೆ ಕೆಲಸವಿರಲಿಲ್ಲ. ಮಣ್ಣು ಕೊಟ್ಟು ಬಂದ ದಿನವೇ ಗೂಡಿನಿಂದ ಆ ಕಾಗದ ತೆಗೆದು ನನ್ನ ಪೆಟ್ಟಿಗೆಯಲ್ಲಿಟ್ಟೆ. ನ್ಯಾಯಾಲಯದಲ್ಲಿ ನಾನು ಅದರ ಮಾತೆತ್ತಲಿಲ್ಲ. ಸಿದರಾಯನೂ ಎತ್ತಲಿಲ್ಲ.

ಮೊನ್ನೆ ಬಾಗಿಲಲ್ಲಿ ಅದನ್ನೇ ಕೇಳಿದೆ: “ಆ ಕಾಗದ ಇರದಿದ್ದರೆ ಸಲಿಕೆ ಎತ್ತುತ್ತಿದ್ದೆಯಾ?” ತಪ್ಪು ನಿಮ್ಮದೂ ಇತ್ತೆಂದು ಅವನು ಹೇಳಲಿ ಎಂದು ಬಯಸಿದ್ದೆನೇ? ಹಾಗೆ ಹೇಳಿದ್ದರೆ ಇಬ್ಬರೂ ಸಮನೆಂದುಕೊಂಡು ಕೈ ಚಾಚುತ್ತಿದ್ದೆನೇನೋ. ಅವನು ಹೇಳಿದನು: “ಕಾಗದ ಹೊಡೀಲಿಲ್ರಿ ಮಾಸ್ತರ್ರ. ಹೊಡದದ್ದು ನನ್ನ ಕೈ. ಅದರಾಗ ನಿಮಗ ಪಾಲ ಕೊಡಂಗಿಲ್ಲ ನಾ.” ಬರುವ ವರ್ಷ ಬರಲೇ ಎಂದು ಕೇಳಿದನು. ನಾನು ಬಾಗಿಲು ಹಾಕಿಕೊಂಡೆ.

ಮರುದಿನ ಮೊದಲ ಬಸ್ಸಿಗೆ ತಿಕೋಟಾಕ್ಕೆ ಹೋಗಿ, ಅಲ್ಲಿಂದ ಕಳ್ಳಕವಟಗಿಗೆ ಹೋದೆ. ನಿನ್ನ ಹೆಂಡತಿ ಗಂಗವ್ವ ದ್ರಾಕ್ಷಿ ಪಡದಲ್ಲಿ ಆಳುಗಳ ಜೊತೆ ಬಳ್ಳಿ ಕತ್ತರಿಸುತ್ತಿದ್ದಳು. ಅವಳನ್ನು ಬದುವಿನ ಕಡೆಗೆ ಕರೆದು, ಕಾಗದವನ್ನು ಕೈಗಿತ್ತು, ಇದನ್ನು ಬರೆದವನೂ ಬಚ್ಚಿಟ್ಟವನೂ ನಾನೇ ಎಂದೆ. ಅವಳು ಬಿಡಿಸಿ ನೋಡಲೂ ಇಲ್ಲ. “ಗೊತ್ತಿತ್ರಿ ಭಾವಾರ,” ಎಂದಳು. “ಗೂಡಿನ್ಯಾಗ ಕಾಣಲಿಲ್ಲಲ್ಲ, ಅವತ್ತ ಗೊತ್ತಾತು, ಯಾರು ಒಯ್ದಾರಂತ.” ಹಾಗಾದರೆ ಇಷ್ಟು ವರ್ಷ ಏಕೆ ಕೇಳಲಿಲ್ಲ? “ಕೇಳಿದ್ರ ನೀವು ಮನಿಗೆ ಬರೂದು ಬಿಡತಿದ್ರಿ.”

ಅವಳು ನನ್ನನ್ನು ಕ್ಷಮಿಸಿದಳೋ, ಬರಿದೇ ಸಹಿಸಿಕೊಂಡಳೋ, ಸಂಗಪ್ಪ? ಪ್ರತಿ ವರ್ಷ ನನ್ನ ಪಾಲಿನ ಒಣದ್ರಾಕ್ಷಿ ತಪ್ಪದೆ ಬರುತ್ತಿತ್ತು. ತಿನ್ನುತ್ತಿದ್ದೆ. ಸಿದರಾಯನ ಬಗ್ಗೆ ಕೇಳಿದೆ. ಅವಳ ಬಾಗಿಲಿಗೂ ಬನ್ನಿ ತಂದಿದ್ದನಂತೆ; ಕಟ್ಟೆಯ ಮೇಲಿಟ್ಟು ಹೋಗೆಂದಳಂತೆ. “ನಾ ಅವಂಗ ಕ್ಷಮಾ ಮಾಡಿಲ್ರಿ, ಮಾಡೂದೂ ಇಲ್ಲ. ನೀವು ನನ್ನ ಹೆಸರ ಹೇಳಿ ತಗೋಬ್ಯಾಡ್ರಿ. ನನ್ನ ಹೆಸರ ಹೇಳಿ ಒಲ್ಲೆ ಅನ್ನಲೂ ಬ್ಯಾಡ್ರಿ.” ಇಷ್ಟು ಹೇಳಿ ಬಳ್ಳಿಗಳ ಸಾಲಿಗೆ ಮರಳಿದಳು. ಅಲ್ಲಿಂದಲೇ, ಉಂಡು ಹೋಗಬೇಕೆಂದು ಕೂಗಿದಳು.

ಉಂಡು ಹೊರಟಾಗ ಕಾಲುವೆಯ ದಂಡೆಯ ಮೇಲೆ ಸಿದರಾಯ ಸಿಕ್ಕನು. ನನ್ನನ್ನು ಕಂಡು ಸಲಿಕೆಯನ್ನು ಕೆಳಗಿಟ್ಟು, ಅದರಿಂದ ನಾಲ್ಕು ಹೆಜ್ಜೆ ದೂರ ಸರಿದು ನಿಂತನು. ಯಾರನ್ನು ಕಂಡರೂ ಅವನು ಈಗ ಹಾಗೆಯೇ ಮಾಡುತ್ತಾನೆಂದು ಊರವರು ಹೇಳುತ್ತಾರೆ. ನಾನು ಅವನನ್ನು ಕ್ಷಮಿಸಿಲ್ಲ, ಸಂಗಪ್ಪ. ಕ್ಷಮೆಯೆಂದು ಕರೆಯಬಹುದಾದದ್ದು ಏನೂ ನನ್ನೊಳಗೆ ಇರಲಿಲ್ಲ, ಹುಡುಕಿ ನೋಡಿದೆ. ಆದರೂ ಅವನನ್ನು ದಾಟಿ ಹೋಗುವಾಗ ನಿಂತು, “ಬರುವ ವರ್ಷ ಬಾ” ಎಂದೆ.

ಅವನು ಬಂದಾಗ ನಾನು ಕೈ ಚಾಚುವೆನೋ ಇಲ್ಲವೋ, ನನಗೆ ತಿಳಿಯದು. ಚಾಚಿದರೆ ನೀನು ನೊಂದುಕೊಳ್ಳುವೆಯಾ? ಚಾಚದಿದ್ದರೆ? ಯಾವುದಾದರೂ ಆಗಲಿ, ಅದನ್ನು ನಿನ್ನ ಹೆಸರಿನಲ್ಲಿ ಮಾಡುವುದಿಲ್ಲ. ಮಾಡಿದವನು ನಾನೆಂದೇ ಹೇಳುತ್ತೇನೆ.

ನಿನ್ನ ಅಣ್ಣ